ಸೂದಾ ಬೆಟ್ಟದ ಸುಲಭದ ದಾರಿ

"ಮೋಡ ಎಲ್ಲಿಂದ ಬರ್ತಾ ಉಂಟು ನೋಡು," ಎಂದ ಡೆರಿಕ್.

ಸ್ಯಾಂಡ್ರಾ ತಲೆ ಎತ್ತಿದಳು. ಮೇಲೆ ಬರೀ ನೀಲಿ ಆಕಾಶ. ಒಂದು ಚೂರೂ ಮೋಡ ಇರಲಿಲ್ಲ.

"ಮೇಲೆ ಎಂತ ನೋಡ್ತೀ ಮಾರಾಯ್ತಿ? ಕೆಳಗೆ ನೋಡು."

ಅವಳು ಬಂಡೆಯ ಮೇಲೆ ಬೋರಲು ಮಲಗಿದಳು. ಮೆಲ್ಲಮೆಲ್ಲನೆ ತೆವಳಿ, ತಲೆಯನ್ನಷ್ಟೇ ಅಂಚಿನ ಆಚೆಗೆ ಚಾಚಿದಳು. 

ಬೆಟ್ಟ ಅಲ್ಲಿಗೆ ಮುಗಿದುಹೋಗಿತ್ತು. ಯಾರೋ ದೊಡ್ಡ ಚಾಕುವಿನಿಂದ ಕೇಕ್ ಕತ್ತರಿಸಿ ಅರ್ಧ ತೆಗೆದುಕೊಂಡು ಹೋದ ಹಾಗೆ. ಕೆಳಗೆ, ತುಂಬಾ ತುಂಬಾ ಕೆಳಗೆ, ಸಣ್ಣ ಬೆಟ್ಟಗಳು ಒಂದರ ಹಿಂದೆ ಒಂದು ಮಲಗಿದ್ದವು. ಅವುಗಳ ನಡುವಿನಿಂದ ಬಿಳೀ ಮೋಡ, ಪಾತ್ರೆಯಲ್ಲಿ ಹಾಲು ಉಕ್ಕುವ ಹಾಗೆ, ಸದ್ದಿಲ್ಲದೆ ಮೇಲಕ್ಕೆ ಬರುತ್ತಿತ್ತು. ಆ ಮೋಡದ ಮೇಲೆ ಒಂದು ಹದ್ದು ತೇಲುತ್ತಿತ್ತು. ಹದ್ದಿನ ಹೊಟ್ಟೆಯನ್ನು ಸ್ಯಾಂಡ್ರಾ ಎಷ್ಟೋ ಸಲ ನೋಡಿದ್ದಳು. ಹದ್ದಿನ ಬೆನ್ನನ್ನು ನೋಡಿದ್ದು ಇವತ್ತೇ ಮೊದಲು.

"ಹೇಗುಂಟು?" ಎಂದು ಕೇಳಿದ ಡೆರಿಕ್, ಆ ಬೆಟ್ಟವನ್ನು ತಾನೇ ಕಟ್ಟಿದವನ ಹಾಗೆ.

ಡೆರಿಕ್ ಅನ್ನಾ ಆಂಟಿಯ ಮಗ. ಅವನಿಗೆ ಹದಿಮೂರು ವರ್ಷ. ಅನ್ನಾ ಆಂಟಿ ಎಂದರೆ ಸ್ಯಾಂಡ್ರಾಳ ಮಮ್ಮಿಯ ಅಕ್ಕ. ಅವರು ಬೆಟ್ಟದ ಮೇಲಿನ ಊರಾದ ಅಭಾದ ಒಂದು ಆಸ್ಪತ್ರೆಯಲ್ಲಿ ನರ್ಸ್. ಬೇಸಿಗೆ ರಜೆಗೆ ಸ್ಯಾಂಡ್ರಾ, ಮಮ್ಮಿ, ಪಪ್ಪ ಅವರ ಮನೆಗೆ ಬಂದಿದ್ದರು.

ಸ್ಯಾಂಡ್ರಾಳ ಮನೆ ಇರುವುದು ಯಾನ್ಬುವಿನಲ್ಲಿ. ಯಾನ್ಬು ಎಂದರೆ ಒಂದು ಕಡೆ ಕೆಂಪು ಸಮುದ್ರ, ಇನ್ನೊಂದು ಕಡೆ ಮರಳು, ನಡುವೆ ರಿಫೈನರಿಯ ಪೈಪುಗಳು. ಎಲ್ಲವೂ ಮಟ್ಟಸ. ಚೆಂಡು ಒಂದು ಕಡೆ ಇಟ್ಟರೆ ಅದು ಅಲ್ಲೇ ಇರುತ್ತದೆ. ಆಗಸ್ಟ್ ತಿಂಗಳಲ್ಲಿ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತದೆ. ಸೌದಿ ಅರೇಬಿಯಾ ಎಂದರೆ ಇಷ್ಟೇ ಎಂದು ಅವಳು ತಿಳಿದುಕೊಂಡಿದ್ದಳು. ಜೆಡ್ಡಾದಿಂದ ಬಸ್ಸು ಹತ್ತಿ, ನಿದ್ದೆ ಮಾಡಿ, ಎದ್ದು ನೋಡಿದರೆ ಕಿಟಕಿಯ ಹೊರಗೆ ಮಳೆ. ಮನೆಯ ಬಾಗಿಲು ತೆರೆದ ಅನ್ನಾ ಆಂಟಿ ಅವಳ ಕೈಗೆ ಮೊದಲು ಕೊಟ್ಟದ್ದು ನೀರಲ್ಲ, ಸ್ವೆಟರ್.

"ಆಗಸ್ಟಲ್ಲಿ ಸ್ವೆಟರಾ ಆಂಟಿ?"

"ಇದು ನಿಮ್ಮ ಯಾನ್ಬು ಅಲ್ಲ ಪುತಾ. ಮೊದಲು ಹಾಕು, ಆಮೇಲೆ ಕೇಳು."

ಇವತ್ತು ಬೆಳಿಗ್ಗೆ ಎಲ್ಲರೂ ಟ್ಯಾಕ್ಸಿ ಮಾಡಿಕೊಂಡು ಅಭಾದಿಂದ ಇನ್ನೂ ಮೇಲಿರುವ ಈ ಸೂದಾ ಬೆಟ್ಟಕ್ಕೆ ಬಂದಿದ್ದರು. ದಾರಿಯಲ್ಲಿ ರಸ್ತೆ ಬದಿಯ ಕಟ್ಟೆಯ ಮೇಲೆ ಬಬೂನ್ ಮಂಗಗಳು ಸಾಲಾಗಿ ಕೂತಿದ್ದವು. ದೊಡ್ಡ ಗಂಡು ಮಂಗಕ್ಕೆ ಸಿಂಹದ ಹಾಗೆ ಬೂದು ಬಣ್ಣದ ಜೂಲು. ಅದು ಟ್ಯಾಕ್ಸಿಯ ಕಡೆ ತಿರುಗಿಯೂ ನೋಡಲಿಲ್ಲ. ಪೇಪರ್ ಓದುವ ಅಜ್ಜನ ಹಾಗೆ ಕಣಿವೆಯನ್ನೇ ನೋಡುತ್ತಾ ಕೂತಿತ್ತು. ಸ್ಯಾಂಡ್ರಾ ಮಾತ್ರ ಕತ್ತು ತಿರುಗಿಸಿ ತಿರುಗಿಸಿ ಅದನ್ನು ನೋಡಿದಳು.

ಮೇಲೆ ಕಾಡು ಇತ್ತು. ಸೌದಿಯಲ್ಲಿ ಕಾಡು! ಜುನಿಪರ್ ಮರಗಳು, ಊರಿನ ಗಾಳಿಮರದ ಹಾಗೆ ಸಣ್ಣ ಎಲೆಯವು, ಆದರೆ ಸೊಟ್ಟ ಸೊಟ್ಟ. ಕೊಂಬೆಗಳಿಂದ ಗಡ್ಡದ ಹಾಗೆ ಹಸಿರು ಪಾಚಿ ಜೋತುಬಿದ್ದಿತ್ತು. ಮಮ್ಮಿ ಮತ್ತು ಆಂಟಿ ಒಂದು ಮರದ ಕೆಳಗೆ ಚಾಪೆ ಹಾಸಿ, ಇದ್ದಿಲಿನ ಒಲೆ ಹೊತ್ತಿಸಲು ಶುರು ಮಾಡಿದರು.

"ಕೋಳಿ ಸುಡುವಷ್ಟರಲ್ಲಿ ನೀವು ಹಳೇ ಬುರುಜು ನೋಡಿ ಬನ್ನಿ," ಎಂದಿದ್ದರು ಆಂಟಿ. "ಸುಲಭದ ದಾರಿ. ನಾನು ಚಪ್ಪಲಿ ಹಾಕಿಕೊಂಡೇ ಹೋಗಿದ್ದೇನೆ. ಡೆರಿಕ್‌ಗೆ ಗೊತ್ತುಂಟು."

ಹಾಗೆ ಡೆರಿಕ್ ಮುಂದೆ, ಸ್ಯಾಂಡ್ರಾ ನಡುವೆ, ಪಪ್ಪ ಹಿಂದೆ ಹೊರಟಿದ್ದರು. ಈಗ ಈ ಬಂಡೆಯ ಮೇಲೆ ಇಬ್ಬರೇ ಇದ್ದರು.

"ಪಪ್ಪ ಎಲ್ಲಿ?" ಎಂದು ಸ್ಯಾಂಡ್ರಾ ತಿರುಗಿ ನೋಡಿದಳು.

ಪಪ್ಪ ತುಂಬಾ ಹಿಂದೆ ಇದ್ದರು. ಒಂದು ಜುನಿಪರ್ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದರು. ಒಂದು ಕೈಯಲ್ಲಿ ಕೊಂಬೆ ಹಿಡಿದಿದ್ದರು.

"ಅಂಕಲ್ ಯಾಕೆ ಅಲ್ಲೇ ನಿಂತದ್ದು?" ಎಂದು ಡೆರಿಕ್ ಕೇಳಿದ.

"ಸುಮ್ಮನೆ. ಮರ ನೋಡ್ತಾ ಇದ್ದಾರೆ."

ಡೆರಿಕ್ ಮರವನ್ನು ನೋಡಿದ. ಅಂಥಾದ್ದೇ ಮರ ಅಲ್ಲಿ ನೂರಾರು ಇದ್ದವು. ಅವನು ಏನು ಯೋಚಿಸುತ್ತಿದ್ದಾನೆ ಎಂದು ಸ್ಯಾಂಡ್ರಾಗೆ ಗೊತ್ತಾಯಿತು. ಏಕೆಂದರೆ ನಿನ್ನೆ ಸಂಜೆ ಅವನು, "ನಿಮ್ಮ ಯಾನ್ಬುವಿನಲ್ಲಿ ಎಂತ ಉಂಟು? ಬೆಟ್ಟ ಇಲ್ಲ, ಮಳೆ ಇಲ್ಲ, ಮಂಗ ಇಲ್ಲ," ಎಂದು ಛೇಡಿಸಿದಾಗ ಅವಳು ಹೇಳಿದ್ದಳು, "ನಮ್ಮಲ್ಲಿ ಟವರ್ ಉಂಟು. ನನ್ನ ಪಪ್ಪ ಅದರ ತುದಿಗೆ ಹತ್ತುತ್ತಾರೆ. ಅಲ್ಲಿಂದ ಹಡಗು ಕೂಡ ಇರುವೆ ಹಾಗೆ ಕಾಣ್ತದೆ. ಅವರಿಗೆ ಒಂದು ಚೂರೂ ಹೆದರಿಕೆ ಇಲ್ಲ."

ಅದು ಸುಳ್ಳಲ್ಲ. ರಿಫೈನರಿಯ ಎತ್ತರದ ಟವರ್‌ಗಳಿಗೆ ಹತ್ತಿ, ಪೈಪುಗಳ ಬೆಸುಗೆ ಸರಿ ಇದೆಯಾ ಎಂದು ನೋಡುವುದು ಪಪ್ಪನ ಕೆಲಸ. ಅವಳ ಕ್ಲಾಸಿನವರಿಗೆಲ್ಲ ಅದು ಗೊತ್ತು. ಅವಳೇ ಹೇಳಿದ್ದು.

ಸ್ಯಾಂಡ್ರಾ ಓಡಿ ಹೋಗಿ ಪಪ್ಪನ ಕೈ ಹಿಡಿದಳು.

"ಬನ್ನಿ ಪಪ್ಪ. ಅಲ್ಲಿ ಹದ್ದಿನ ಬೆನ್ನು ಕಾಣ್ತದೆ."

"ಇಲ್ಲಿಂದಲೇ ಚೆಂದ ಕಾಣ್ತದೆ ಪುತಾ."

"ಇಲ್ಲಿಂದ ಎಂತ ಕಾಣುದಿಲ್ಲ. ಡೆರಿಕ್ ನೋಡ್ತಾ ಇದ್ದಾನೆ. ಬನ್ನಿ."

ಅವಳು ಎಳೆದಳು. ಪಪ್ಪನ ಕೈ ತಣ್ಣಗಿತ್ತು, ಒದ್ದೆಯಾಗಿತ್ತು. ಅವರು ಒಂದು ಹೆಜ್ಜೆ ಇಟ್ಟರು. ಇನ್ನೊಂದು ಇಟ್ಟರು. ಆಮೇಲೆ, ಭಾರದ ಚೀಲವನ್ನು ಕೆಳಗೆ ಇಳಿಸಿದ ಹಾಗೆ, ನೆಲದ ಮೇಲೆ ಕೂತುಬಿಟ್ಟರು.

"ಶೂ ಲೇಸ್ ಬಿಚ್ಚಿದೆ," ಎಂದರು.

ಲೇಸ್ ಬಿಚ್ಚಿರಲಿಲ್ಲ. ಪಪ್ಪ ತಾವೇ ಅದನ್ನು ಬಿಚ್ಚಿ, ಮತ್ತೆ ಕಟ್ಟಿದರು. ಕಟ್ಟುವಾಗ ಗಂಟು ಎರಡು ಸಲ ಜಾರಿತು. ಸ್ಯಾಂಡ್ರಾ ಅದನ್ನು ನೋಡಿದಳು. ಡೆರಿಕ್ ಕೂಡ ನೋಡಿದ. ಅವನು ನಗಲಿಲ್ಲ. ಬೇರೆ ಕಡೆ ಮುಖ ತಿರುಗಿಸಿದ. ಅವನು ನಕ್ಕಿದ್ದರೇ ಚೆನ್ನಾಗಿತ್ತು ಅನ್ನಿಸಿತು ಸ್ಯಾಂಡ್ರಾಗೆ.

"ನೀವು ಟವರ್ ಹತ್ತುವವರಲ್ವಾ ಪಪ್ಪ?" ಎಂದು ಅವಳು ಮೆಲ್ಲಗೆ ಕೇಳಿದಳು.

ಪಪ್ಪ ಲೇಸನ್ನೇ ನೋಡುತ್ತಾ, "ಸ್ವಲ್ಪ ಹೊತ್ತು ಇಲ್ಲೇ ಕೂತ್ಕೊಳ್ಳುವ," ಎಂದರು.

ಸ್ಯಾಂಡ್ರಾಳ ಕಿವಿ ಬಿಸಿಯಾಯಿತು. ಅವಳಿಗೆ ಕೂರುವುದು ಬೇಕಿರಲಿಲ್ಲ.

"ಬುರುಜಿಗೆ ಹೋಗುವನಾ?" ಎಂದ ಡೆರಿಕ್.

"ಹೋಗುವ," ಎಂದಳು.

"ಸ್ಯಾಂಡ್ರಾ, ನಿಲ್ಲು. ಒಬ್ಬಳೇ ಹೋಗಬೇಡ. ನಾನೂ ಬರ್ತೇನೆ."

ಅವಳಿಗೆ ಕೇಳಿಸಿತು. ಕೇಳಿಸದ ಹಾಗೆ ನಡೆದಳು.

ಮರಗಳು ಮುಗಿದ ಮೇಲೆ ದಾರಿ ಕಿರಿದಾಯಿತು. ಎಡಗಡೆ ಬಂಡೆ, ಗೋಡೆಯ ಹಾಗೆ ನೆಟ್ಟಗೆ. ಬಲಗಡೆ ಏನೂ ಇರಲಿಲ್ಲ. ದಾರಿ ಇತ್ತು, ದಾರಿಯ ಅಂಚಿನಲ್ಲಿ ಸ್ವಲ್ಪ ಹುಲ್ಲು ಇತ್ತು, ಬಂಡೆಯ ಪಕ್ಕದಿಂದ ನೋಡಿದರೆ ಆಮೇಲೆ ಬರೀ ಗಾಳಿ. ದೂರದಲ್ಲಿ, ದಾರಿ ತಿರುಗುವ ಕಡೆ, ಹಳೇ ಬುರುಜು ಕಾಣುತ್ತಿತ್ತು. ಕಲ್ಲು ಮಣ್ಣು ಸೇರಿಸಿ ಕಟ್ಟಿದ್ದು. ಅದರ ಸುತ್ತ ಸಾಲು ಸಾಲಾಗಿ ಚಪ್ಪಟೆ ಕಲ್ಲುಗಳು ಹೊರಗೆ ಚಾಚಿಕೊಂಡಿದ್ದವು, ಮೀನಿನ ಹುರುಪೆಯ ಹಾಗೆ.

ಡೆರಿಕ್ ಓಡಿಯೇ ಹೋದ. ಸ್ಯಾಂಡ್ರಾಗೆ ಅಷ್ಟು ಬೇಗ ಹೋಗಲು ಆಗಲಿಲ್ಲ. ಈ ಎತ್ತರದಲ್ಲಿ ಉಸಿರು ಬೇಗ ಖಾಲಿಯಾಗುತ್ತಿತ್ತು. ಅವಳು ಬಂಡೆಗೆ ಒರಗಿ ನಿಂತು, ಉಸಿರು ತೆಗೆದುಕೊಂಡಳು.

ಆಗಲೇ ಮೋಡ ಬಂತು.

ಮೊದಲು ಬಂದದ್ದು ಅವಳ ಶೂಗಳ ಹತ್ತಿರ, ಬೆಕ್ಕಿನ ಹಾಗೆ. ಆಮೇಲೆ ಮೊಣಕಾಲು ಮುಟ್ಟಿತು. ಒಗೆದು ಹಿಂಡಿದ ಬಟ್ಟೆಯ ವಾಸನೆ ಬಂತು. ಅವಳು ನೋಡುತ್ತಿದ್ದ ಹಾಗೇ ಬುರುಜು ಹೋಯಿತು, ಡೆರಿಕ್ ಹೋದ, ಎದುರಿನ ದಾರಿ ಹೋಯಿತು. ಯಾರೋ ರಬ್ಬರ್ ತೆಗೆದುಕೊಂಡು ಚಿತ್ರವನ್ನು ಒಂದು ಕಡೆಯಿಂದ ಉಜ್ಜುತ್ತಾ ಬಂದ ಹಾಗೆ. ಕೊನೆಗೆ ಅವಳೊಬ್ಬಳು ಉಳಿದಳು.

ಅವಳು ಕೈ ಮುಂದೆ ಚಾಚಿದಳು. ಬೆರಳ ತುದಿ ಬೆಳ್ಳಗೆ ಮಸುಕಾಗಿತ್ತು. ಸ್ವೆಟರಿನ ಒಂದೊಂದು ಎಳೆಯ ಮೇಲೂ ಒಂದೊಂದು ಹನಿ ಕೂತಿತ್ತು, ಸಾಸಿವೆಗಿಂತ ಸಣ್ಣದು. ಅವಳು ಮೋಡದ ಒಳಗೆ ಇದ್ದಳು. ವಿಮಾನದ ಕಿಟಕಿಯಿಂದ ನೋಡಿದ್ದ ಆ ಬಿಳಿ ಹತ್ತಿಗೆ ಒಳಗಡೆ ಹೀಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಇಷ್ಟು ತಣ್ಣಗೆ, ಇಷ್ಟು ಮೌನ.

ಒಂದು ಹೆಜ್ಜೆ ಇಟ್ಟಳು. ಕಾಲಿಗೆ ಕಲ್ಲೊಂದು ತಾಗಿ ಉರುಳಿತು. ಅದು ಬಿದ್ದ ಸದ್ದಿಗೆ ಅವಳು ಕಾದಳು. ಸದ್ದು ಬರಲೇ ಇಲ್ಲ.

ಸ್ಯಾಂಡ್ರಾ ಅಲ್ಲೇ ಕೂತಳು. ಬೆನ್ನನ್ನು ಬಂಡೆಗೆ ಒತ್ತಿ ಹಿಡಿದಳು.

"ಡೆರಿಕ್," ಎಂದು ಕರೆದಳು.

"ಅಲ್ಲೇ ನಿಲ್ಲು. ಕದಲಬೇಡ. ಈಗ ಹೋಗ್ತದೆ ಮಂಜು." ಅವನ ದನಿ ಮೇಲಿನಿಂದ ಬಂತಾ, ಕೆಳಗಿನಿಂದ ಬಂತಾ ಗೊತ್ತಾಗಲಿಲ್ಲ. ಎಲ್ಲಾ ಕಡೆಯಿಂದ ಬಂದ ಹಾಗಿತ್ತು.

ಮಂಜು ಹೋಗಲಿಲ್ಲ. ಇನ್ನೂ ದಪ್ಪವಾಯಿತು. ಸ್ಯಾಂಡ್ರಾಗೆ ಎದ್ದು ನಿಲ್ಲಬೇಕು ಅನ್ನಿಸಿತು. ಆದರೆ ಕಾಲುಗಳು ಅವಳ ಮಾತು ಕೇಳಲಿಲ್ಲ. ಹೀಗೆ ಯಾವತ್ತೂ ಆಗಿರಲಿಲ್ಲ. ಕಾಲು ತನ್ನದೇ, ಆದರೂ ಬೇರೆ ಯಾರದೋ ಹಾಗೆ.

"ಸ್ಯಾಂಡ್ರಾ."

ಅದು ಪಪ್ಪನ ದನಿ. ಹಿಂದಿನಿಂದ ಬಂತು.

"ಪಪ್ಪ, ನಾನು ಇಲ್ಲಿದ್ದೇನೆ. ನಂಗೆ ಏಳ್ಲಿಕ್ಕೆ ಆಗುದಿಲ್ಲ."

"ಏಳಬೇಡ. ಕೂತೇ ಇರು. ನಾನು ಬರ್ತಾ ಇದ್ದೇನೆ. ನೀನು ಮಾತಾಡ್ತಾ ಇರು, ಆಯ್ತಾ?"

"ಎಂತ ಮಾತಾಡುದು?"

"ಎಂತ ಬೇಕಾದ್ರೂ. ನಮ್ಮ ರಸ್ತೆಯಲ್ಲಿ ಯಾವ ಯಾವ ಅಂಗಡಿ ಉಂಟು ಹೇಳು."

ಸ್ಯಾಂಡ್ರಾ ಕಣ್ಣೊರೆಸಿಕೊಂಡಳು. "ಮೊದಲು ಯೆಮನಿ ಅಂಕಲಿನ ಬಕಾಲಾ. ಅಲ್ಲಿ ನಾವು ಹಾಲು ತೆಗೆದುಕೊಳ್ಳುದು."

"ಹೂಂ."

"ಆಮೇಲೆ ಲಾಂಡ್ರಿ. ಆಮೇಲೆ ಟೈಲರ್. ಆಮೇಲೆ ಖುಬ್ಬುಸ್ ರೊಟ್ಟಿ ಮಾಡುವ ಅಂಗಡಿ, ಅಲ್ಲಿ ಯಾವಾಗಲೂ ಬಿಸಿ ಬಿಸಿ ವಾಸನೆ."

"ಹೂಂ. ಹೇಳು, ಹೇಳು."

ದನಿ ಹತ್ತಿರ ಬರುತ್ತಿತ್ತು. ಆದರೆ ಹೆಜ್ಜೆಯ ಸದ್ದು ಇರಲಿಲ್ಲ. ಬದಲಿಗೆ ಬಟ್ಟೆ ನೆಲಕ್ಕೆ ಉಜ್ಜುವ ಸದ್ದು. ಸರ್, ಸ್ವಲ್ಪ ಹೊತ್ತು ಸುಮ್ಮನೆ, ಮತ್ತೆ ಸರ್.

"ಆಮೇಲೆ ಕ್ಯಾಸೆಟ್ ಅಂಗಡಿ. ಅದು ಮುಚ್ಚಿ ಹೋಯ್ತು. ಈಗ ಅಲ್ಲಿ ಮೊಬಿಲ್ ಆಯಿಲ್ ಇಡ್ತಾರೆ..."

ಮಂಜಿನೊಳಗಿಂದ ಮೊದಲು ಒಂದು ಶೂ ಬಂತು. ಆಮೇಲೆ ಪಪ್ಪ. ಅವರು ನಡೆದು ಬರುತ್ತಿರಲಿಲ್ಲ. ಬೆನ್ನನ್ನು ಬಂಡೆಗೆ ಒತ್ತಿ, ಕೂತುಕೊಂಡೇ, ಎರಡೂ ಕೈ ನೆಲಕ್ಕೆ ಊರಿ, ಸ್ವಲ್ಪ ಸ್ವಲ್ಪವೇ ಜಾರುತ್ತಾ ಬರುತ್ತಿದ್ದರು. ಅವರ ಕಣ್ಣುಗಳು ಗಟ್ಟಿಯಾಗಿ ಮುಚ್ಚಿದ್ದವು.

ಅವರ ಕೈ ಗಾಳಿಯಲ್ಲಿ ಹುಡುಕಿತು. ಸ್ಯಾಂಡ್ರಾಳ ಕಾಲು ಸಿಕ್ಕಿತು. ಅದನ್ನು ಹಿಡಿದುಕೊಂಡರು.

"ಬಂದೆ," ಎಂದರು. ಹಣೆಯಿಂದ ಬೆವರು ಇಳಿಯುತ್ತಿತ್ತು, ಅಷ್ಟು ಚಳಿಯಲ್ಲಿ.

ಸ್ಯಾಂಡ್ರಾ ಆ ಕೈಯ ಮೇಲೆ ತನ್ನ ಕೈ ಇಟ್ಟಳು.

"ಪಪ್ಪ, ನಿಮಗೆ ಹೆದರಿಕೆಯಾ?"

"ಹೌದು ಪುತಾ."

"ತುಂಬಾ?"

"ತುಂಬಾ."

"ಮತ್ತೆ ಟವರ್?"

ಪಪ್ಪ ಕಣ್ಣು ತೆರೆಯದೆ ಹೇಳಿದರು. "ಹೋದ ವರ್ಷ ದೊಡ್ಡ ಗಾಳಿ ಬಂದಿತ್ತಲ್ಲ, ಊರಿಡೀ ಮರಳು ಹಾರಿ ನಿಮ್ಮ ಸ್ಕೂಲಿಗೆ ರಜೆ ಕೊಟ್ಟಿದ್ರಲ್ಲ. ಆವತ್ತು ನಾನು ಮೇಲೆ ಇದ್ದೆ. ಗಾಳಿ ಒಮ್ಮೆಲೇ ಬಂತು. ಇಳಿಯಲಿಕ್ಕೆ ಆಗಲಿಲ್ಲ. ಬೆಲ್ಟ್ ಕಟ್ಟಿತ್ತು, ಎಂತ ಆಗಲಿಲ್ಲ. ಆದರೆ ಗಾಳಿ ನಿಲ್ಲುವ ತನಕ ಒಂದು ಪೈಪನ್ನು ಹೀಗೆ ಅಪ್ಪಿ ಹಿಡಿದು ಕೂತಿದ್ದೆ. ಇಡೀ ಟವರ್ ಅಲ್ಲಾಡ್ತಾ ಇತ್ತು."

"ಆಮೇಲೆ?"

"ಮರುದಿನ ಏಣಿಯ ಹತ್ತಿರ ಹೋದೆ. ಕಾಲು ಏಳಲಿಲ್ಲ. ಅದರ ಮರುದಿನವೂ ಏಳಲಿಲ್ಲ. ಈಗ ನಾನು ಕೆಳಗೆ ಸ್ಟೋರಿನಲ್ಲಿ ಇರುವುದು. ಹತ್ತುವವರಿಗೆ ಹೆಲ್ಮೆಟ್, ಬೆಲ್ಟ್ ಕೊಡುವ ಕೆಲಸ."

"ಮಮ್ಮಿಗೆ ಗೊತ್ತುಂಟಾ?"

"ಗೊತ್ತುಂಟು."

"ನಂಗೆ ಯಾಕೆ ಹೇಳಲಿಲ್ಲ?"

"ನೀನು ಎಲ್ಲರ ಹತ್ತಿರ ಟವರ್ ವಿಷಯ ಹೇಳ್ತಿಯಲ್ಲ. ಹೇಳುವಾಗ ನಿನ್ನ ಮುಖ ಹೇಗಿರ್ತದೆ ಗೊತ್ತುಂಟಾ? ಅದನ್ನು ನೋಡಿ ಹೇಳಲಿಕ್ಕೆ ಮನಸ್ಸು ಬರಲಿಲ್ಲ."

ಸ್ಯಾಂಡ್ರಾ ಮಂಜನ್ನು ನೋಡುತ್ತಾ ಕೂತಳು. ಅವಳ ಕಾಲನ್ನು ಪಪ್ಪ ಇನ್ನೂ ಹಿಡಿದೇ ಇದ್ದರು. ಹಿಡಿತ ಬಿಗಿಯಾಗಿತ್ತು.

ಆಗ ಗಂಟೆಯ ಸದ್ದು ಕೇಳಿಸಿತು. ಟಿಣ್, ಟಿಣ್. ಒಂದಲ್ಲ, ತುಂಬಾ ಗಂಟೆಗಳು. ಪಪ್ಪ ಬಂದ ಕಡೆಯಿಂದಲೇ ಮಂಜಿನಲ್ಲಿ ಒಂದು ಕಪ್ಪು ಮುಖ ಮೂಡಿತು. ಜೋತುಬಿದ್ದ ಕಿವಿ, ಹಳದಿ ಕಣ್ಣು. ಆಡು!

ಆಡು ಅವರಿಬ್ಬರನ್ನು ಒಮ್ಮೆ ನೋಡಿತು. ಪಪ್ಪನ ಕಾಲಿನ ಮೇಲಿಂದ ದಾಟಿ, ಸ್ಯಾಂಡ್ರಾಳ ಕಾಲಿನ ಮೇಲಿಂದ ದಾಟಿ, ಮುಂದೆ ಹೋಯಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು. ಅವುಗಳ ಒದ್ದೆ ಕೂದಲು ಸ್ಯಾಂಡ್ರಾಳ ಕೆನ್ನೆಗೆ ತಾಗಿತು. ಬೆಚ್ಚಗಿನ ಉಸಿರು ಬಡಿಯಿತು. ಮಂಜಿನಿಂದ ಬಂದು ಮಂಜಿಗೇ ಹೋಗುವ ಆಡುಗಳನ್ನು ಅವಳು ಬಾಯಿ ತೆರೆದು ನೋಡಿದಳು. ಒಂದು ಪುಟ್ಟ ಮರಿ ಮಾತ್ರ ದಾಟಲು ಆಗದೆ ಪಪ್ಪನ ಮಡಿಲಿನಲ್ಲೇ ನಿಂತುಬಿಟ್ಟಿತು.

ಹಿಂದಿನಿಂದ ಒಬ್ಬರು ಅಜ್ಜಿ ಬಂದರು. ತಲೆಗೆ ಹಳದಿ ಬಟ್ಟೆ, ಅದರ ಮೇಲೆ ಅಗಲದ ಹುಲ್ಲಿನ ಟೋಪಿ. ಕಾಲಲ್ಲಿ ರಬ್ಬರ್ ಚಪ್ಪಲಿ. ಅಡುಗೆಮನೆಯಲ್ಲಿ ನಡೆಯುವ ಹಾಗೆ ನಡೆಯುತ್ತಿದ್ದರು.

"ಅಸ್ಸಲಾಮು ಅಲೈಕುಂ," ಎಂದರು ಅಜ್ಜಿ.

"ವ ಅಲೈಕುಂ ಅಸ್ಸಲಾಂ," ಎಂದರು ಪಪ್ಪ, ಕಣ್ಣು ಮುಚ್ಚಿಕೊಂಡೇ.

ಅಜ್ಜಿ ಪಪ್ಪನನ್ನು ನೋಡಿದರು, ಸ್ಯಾಂಡ್ರಾಳನ್ನು ನೋಡಿದರು, ಬಂಡೆಗೆ ಒತ್ತಿದ ಅವರ ಬೆನ್ನುಗಳನ್ನು ನೋಡಿದರು. ಅವರಿಗೆ ಏನೂ ವಿಚಿತ್ರ ಅನ್ನಿಸಿದ ಹಾಗೆ ಕಾಣಲಿಲ್ಲ. ಅರಬಿಯಲ್ಲಿ ಉದ್ದಕ್ಕೆ ಏನೋ ಹೇಳಿದರು. ಸ್ಯಾಂಡ್ರಾಗೆ ಅರ್ಥವಾದದ್ದು ಎರಡೇ ಮಾತು, "ಶ್ವೈ ಶ್ವೈ." ಮೆಲ್ಲ ಮೆಲ್ಲ. ಬಕಾಲಾದ ಯೆಮನಿ ಅಂಕಲ್ ಕೂಡ ಅವಳು ಓಡುವಾಗ ಹಾಗೇ ಹೇಳುತ್ತಿದ್ದರು.

ಅಜ್ಜಿ ಬಗ್ಗಿ ಮರಿಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಪಪ್ಪನ ಕಾಲು ದಾಟಿ, ಮುಂದೆ ಹೋದರು. ಸ್ವಲ್ಪ ದೂರದಿಂದ "ಯಲ್ಲಾ, ಯಲ್ಲಾ" ಎಂದು ಆಡುಗಳನ್ನು ಕರೆಯುವುದು ಕೇಳಿಸಿತು.

"ಪಪ್ಪ, ಅವರು ಹೋದ ಕಡೆಗೇ ಹೋಗುವನಾ?"

"ನಿನಗೆ ಏಳಲಿಕ್ಕೆ ಆಗ್ತದಾ?"

ಸ್ಯಾಂಡ್ರಾ ಕಾಲು ಅಲ್ಲಾಡಿಸಿ ನೋಡಿದಳು. ಈಗ ಅದು ಮಾತು ಕೇಳುತ್ತಿತ್ತು. ಏಳಬಹುದಿತ್ತು. ಅವಳು ಏಳಲಿಲ್ಲ.

"ಕೂತೇ ಹೋಗುವ," ಎಂದಳು. "ನಾನು ಮುಂದೆ ಹೋಗ್ತೇನೆ. ನೀವು ನನ್ನ ಸ್ವೆಟರ್ ಹಿಡ್ಕೊಳ್ಳಿ. ಇಲ್ಲಿ ಕಲ್ಲು ಉಂಟು. ಈಗ ಹುಲ್ಲು. ಇಲ್ಲಿ ಒದ್ದೆ ಉಂಟು, ನೋಡಿ ಪಪ್ಪ... ನೋಡಬೇಡಿ, ನಾನೇ ಹೇಳ್ತೇನೆ."

ಹಾಗೆ ಇಬ್ಬರೂ ಜಾರುತ್ತಾ ಹೋದರು. ಎಷ್ಟು ಹೊತ್ತು ಹೋದರೋ ಗೊತ್ತಿಲ್ಲ. ಆಡುಗಳ ಗಂಟೆ ಮುಂದೆ ಮುಂದೆ ಕೇಳಿಸುತ್ತಿತ್ತು. ಅದು ದೂರವಾದಾಗ ಸ್ಯಾಂಡ್ರಾ ನಿಲ್ಲುತ್ತಿದ್ದಳು, ಕಿವಿಗೊಟ್ಟು ಕೇಳಿ ಮತ್ತೆ ಜಾರುತ್ತಿದ್ದಳು. ಕೊನೆಗೆ ಅವಳ ಕೈಗೆ ಬಂಡೆ ಸಿಗಲಿಲ್ಲ. ಎರಡೂ ಕಡೆ ಅಗಲವಾದ ನೆಲ ಸಿಕ್ಕಿತು. ಎದುರಿಗೆ ಡೆರಿಕ್ ನಿಂತಿದ್ದ. ಅವನ ಮುಖ ಬಿಳುಚಿತ್ತು.

"ನಾನು ನಿನ್ನನ್ನು ಬಿಟ್ಟು ಓಡಬಾರದಿತ್ತು," ಎಂದ ಅವನು. "ನಿನ್ನ ಮಮ್ಮಿ ನನ್ನನ್ನು ಕೊಲ್ತಾರೆ."

ಪಪ್ಪ ಕಣ್ಣು ತೆರೆದರು. ಬುರುಜಿನ ಗೋಡೆಯ ಬುಡಕ್ಕೆ ಹೋಗಿ ಒರಗಿ ಕೂತರು. ಅವರ ಪ್ಯಾಂಟಿನ ಹಿಂಭಾಗ ಇಡೀ ಕೆಸರು. ಅಜ್ಜಿ ಸ್ವಲ್ಪ ಆಚೆ ಒಂದು ಕಲ್ಲಿನ ಮೇಲೆ ಕೂತು, ಆಡುಮರಿಯ ಕಾಲಿನಿಂದ ಮುಳ್ಳು ತೆಗೆಯುತ್ತಿದ್ದರು.

ಗಾಳಿ ಬೀಸಿತು. ಮಂಜು ಎಲ್ಲೋ ಒಂದು ಕಡೆ ಹರಿಯಿತು. ಆಮೇಲೆ ಬೇಗಬೇಗನೆ, ಪರದೆ ಎಳೆದ ಹಾಗೆ, ಎಲ್ಲವೂ ವಾಪಸ್ ಬಂತು. ಬೆಟ್ಟ ಬಂತು, ಮರ ಬಂತು, ಅವರು ದಾಟಿ ಬಂದ ದಾರಿಯೂ ಬಂತು.

ಡೆರಿಕ್ ಆ ದಾರಿಯನ್ನು ನೋಡಿದ. ಕೆಸರಾದ ಪ್ಯಾಂಟನ್ನು ನೋಡಿದ. ಅವನಿಗೆ ನಗು ತಡೆಯಲು ಆಗಲಿಲ್ಲ.

"ಇಷ್ಟಕ್ಕೆ ಕೂತ್ಕೊಂಡು ಬಂದದ್ದಾ? ಅದರ ಕೆಳಗೆ ಗದ್ದೆ ಉಂಟು ಮಾರಾಯ್ತಿ. ಬಿದ್ದರೂ ಗದ್ದೆಗೇ ಬೀಳುದು."

ಸ್ಯಾಂಡ್ರಾ ನೋಡಿದಳು. ಹೌದು. ದಾರಿಯ ಕೆಳಗೆ ಒಂದಾಳು ಎತ್ತರದ ಕಲ್ಲಿನ ಕಟ್ಟೆ. ಕಟ್ಟೆಯ ಬುಡದಲ್ಲಿ ಮೆಟ್ಟಿಲಿನ ಹಾಗೆ ಒಂದು ಅಗಲದ ಗದ್ದೆ. ಆಗ ತಾನೇ ಉತ್ತ ಮೆತ್ತನೆಯ ಮಣ್ಣು. ಅದಕ್ಕೇ ಆ ಕಲ್ಲು ಬಿದ್ದ ಸದ್ದು ಬರಲಿಲ್ಲ. ಗದ್ದೆಯ ಆಚೆಗೆ ಮಾತ್ರ ಬೆಟ್ಟ ಮುಗಿದಿತ್ತು. ದಾರಿಯೂ ಅಷ್ಟು ಕಿರಿದಾಗಿರಲಿಲ್ಲ. ಅನ್ನಾ ಆಂಟಿ ಚಪ್ಪಲಿ ಹಾಕಿಕೊಂಡು ಬರುವಂಥದ್ದೇ.

ಅವಳಿಗೂ ನಗು ಬರುತ್ತಿತ್ತೋ ಏನೋ. ಆದರೆ ಅವಳು ಪಪ್ಪನ ಕಡೆ ನೋಡಿದಳು. ಪಪ್ಪ ಕೂಡ ಆ ಗದ್ದೆಯನ್ನೇ ನೋಡುತ್ತಿದ್ದರು. ಮತ್ತೆ ಕಣ್ಣು ಕೆಳಗೆ ಹಾಕಿ, ಶೂವಿಗೆ ಮೆತ್ತಿದ ಮಣ್ಣನ್ನು ಕಡ್ಡಿಯಿಂದ ತೆಗೆಯತೊಡಗಿದರು.

"ನಾವು ಬರುವಾಗ ಅದಕ್ಕೆ ತಳ ಇರಲಿಲ್ಲ," ಎಂದಳು ಸ್ಯಾಂಡ್ರಾ.

"ಗದ್ದೆ ಯಾವಾಗಲೂ ಅಲ್ಲೇ ಉಂಟು."

"ಇರಬಹುದು. ನಾವು ಬರುವಾಗ ಇರಲಿಲ್ಲ."

ಅವಳು ಜಗಳ ಮಾಡುವ ದನಿಯಲ್ಲಿ ಹೇಳಲಿಲ್ಲ. ಡೆರಿಕ್‌ನ ನಗು ತಾನಾಗಿಯೇ ನಿಂತಿತು. ಅವನು ತಲೆ ಕೆರೆದುಕೊಂಡು, "ಟವರ್ ಹತ್ತುವವರಿಗೂ ಹೆದರಿಕೆ ಆಗ್ತದಾ?" ಎಂದು ಮೆಲ್ಲಗೆ ಕೇಳಿದ.

"ಪಪ್ಪ ಈಗ ಟವರ್ ಹತ್ತುದಿಲ್ಲ," ಎಂದಳು ಸ್ಯಾಂಡ್ರಾ. ಹೇಳಿಬಿಟ್ಟ ಮೇಲೆ, ಅದು ಅಷ್ಟು ಕಷ್ಟದ ಮಾತಾಗಿರಲಿಲ್ಲ ಅನ್ನಿಸಿತು.

ಪಪ್ಪ ತಲೆ ಎತ್ತಿ ಅವಳನ್ನು ನೋಡಿದರು.

"ವಾಪಸ್ ಹೋಗಲಿಕ್ಕೆ ಮೇಲಿನಿಂದ ಜೀಪಿನ ದಾರಿ ಉಂಟು ಅಂಕಲ್," ಎಂದ ಡೆರಿಕ್. "ಸ್ವಲ್ಪ ದೂರ. ಆದರೆ ರಸ್ತೆ ಹಾಗೇ ಅಗಲ ಉಂಟು."

"ಆಯ್ತು," ಎಂದರು ಪಪ್ಪ. "ಸ್ವಲ್ಪ ಕೂತು ಹೋಗುವ."

ಅಜ್ಜಿ ಆಡುಗಳನ್ನು ಅಟ್ಟಿಕೊಂಡು ಗದ್ದೆಗಳ ನಡುವೆ ಹೊರಟರು. ಹೋಗುವ ಮೊದಲು ಕಟ್ಟೆಯ ಮೇಲೆ ಬೆಳೆದಿದ್ದ ಒಂದು ಗಿಡದ ಕುಡಿ ಮುರಿದು, ಸ್ಯಾಂಡ್ರಾಳ ಕೈಗೆ ಕೊಟ್ಟರು. ಅವಳು ಮೂಸಿ ನೋಡಿದಳು. ಊರಿನ ಕಾಮಕಸ್ತೂರಿಯದೇ ಘಮ.

ಡೆರಿಕ್ ಬುರುಜಿನ ಆಚೆ, ಬೆಟ್ಟದ ಅಂಚಿನ ಕಡೆ ಹೋಗಿದ್ದ. ಅಲ್ಲಿ ಎದೆಯೆತ್ತರದ ಕಲ್ಲಿನ ಗೋಡೆ ಇತ್ತು. ಅವನು ಒಮ್ಮೆಲೇ ಕೈ ಬೀಸಿ ಕರೆದ. "ಸ್ಯಾಂಡ್ರಾ, ಬೇಗ ಬಾ. ಬೇಗ."

ಸ್ಯಾಂಡ್ರಾ ಪಪ್ಪನನ್ನು ನೋಡಿದಳು. "ಹೋಗು, ಗೋಡೆ ಉಂಟಲ್ಲ," ಎಂದರು ಪಪ್ಪ.

ಅವಳು ಗೋಡೆ ಹಿಡಿದು ಕೆಳಗೆ ನೋಡಿದಳು.

ಈಗ ಸಣ್ಣ ಬೆಟ್ಟಗಳು ಕಾಣುತ್ತಿರಲಿಲ್ಲ. ಕಣ್ಣು ಹೋದಷ್ಟು ದೂರ ಮೋಡದ ಸಮುದ್ರ. ಸೂರ್ಯ ಅವರ ಬೆನ್ನ ಹಿಂದೆ ಇದ್ದ. ಕೆಳಗೆ ಮೋಡದ ಮೇಲೆ ಗೋಡೆಯ ನೆರಳು ಬಿದ್ದಿತ್ತು, ಆ ನೆರಳಿನ ಮೇಲ್ತುದಿಯಲ್ಲಿ ಇಬ್ಬರ ತಲೆಗಳ ನೆರಳು. ಮತ್ತೆ ಅವಳ ನೆರಳಿನ ತಲೆಯ ಸುತ್ತ ಬಣ್ಣದ ಒಂದು ಉಂಗುರ. ಪೂರ್ತಿ ದುಂಡನೆಯದು. ಒಳಗೆ ನೀಲಿ, ಆಮೇಲೆ ಹಸಿರು, ಹಳದಿ, ಅಂಚಿನಲ್ಲಿ ಕೆಂಪು. ಅವಳು ತಲೆ ಅಲ್ಲಾಡಿಸಿದರೆ ಉಂಗುರವೂ ಅಲ್ಲಾಡುತ್ತಿತ್ತು.

"ಕಾಮನಬಿಲ್ಲು ನನ್ನ ತಲೆಗೆ ಉಂಟು," ಎಂದ ಡೆರಿಕ್ ಪಿಸುಮಾತಿನಲ್ಲಿ. "ನಿನ್ನ ತಲೆಗೆ ಇಲ್ಲ."

"ಇಲ್ಲ, ನನ್ನ ತಲೆಗೆ ಉಂಟು. ನಿನ್ನದಕ್ಕೆ ಇಲ್ಲ."

"ಸರಿಯಾಗಿ ನೋಡು."

"ನೀನೇ ನೋಡು."

ಇಬ್ಬರೂ ಮತ್ತೆ ಮತ್ತೆ ನೋಡಿದರು. ಅವನಿಗೆ ಅವನದು ಕಾಣುತ್ತಿತ್ತು, ಅವಳಿಗೆ ಅವಳದು. ಹಾಗೆ ಎಷ್ಟೋ ಹೊತ್ತು ನಿಂತರು. ಉಸಿರು ಬಿಟ್ಟರೆ ಎಲ್ಲಿ ಮಾಯವಾಗುತ್ತದೋ ಎಂದು ಸ್ಯಾಂಡ್ರಾ ಉಸಿರು ಕೂಡ ಮೆಲ್ಲಗೆ ಬಿಟ್ಟಳು.

ಉಂಗುರ ಇನ್ನೂ ಅಲ್ಲೇ ಇತ್ತು. ಆದರೂ ಅವಳು ಗೋಡೆಯಿಂದ ಕೈ ತೆಗೆದಳು.

"ಎಲ್ಲಿಗೆ?" ಎಂದ ಡೆರಿಕ್. "ಈಗ ಹೋಗಿಬಿಡ್ತದೆ ಅದು."

"ನೀನು ನೋಡ್ತಾ ಇರು," ಎಂದಳು.

ಅವಳು ಬುರುಜಿನ ಹತ್ತಿರ ಬಂದು, ಪಪ್ಪನ ಪಕ್ಕದಲ್ಲಿ ಕೂತಳು. ಅಲ್ಲಿಂದ ಮೋಡ ಕಾಣುತ್ತಿರಲಿಲ್ಲ. ಡೆರಿಕ್‌ನ ಬೆನ್ನು ಮತ್ತು ಅದರ ಆಚೆಗೆ ದೊಡ್ಡ ಆಕಾಶ, ಅಷ್ಟೇ ಕಾಣುತ್ತಿತ್ತು.

"ಎಂತ ಇತ್ತು ಅಲ್ಲಿ?" ಎಂದು ಪಪ್ಪ ಕೇಳಿದರು.

ಸ್ಯಾಂಡ್ರಾ ಪಪ್ಪನ ತೋಳಿಗೆ ಒರಗಿದಳು. ಸ್ವಲ್ಪ ಯೋಚಿಸಿ, ಒಂದು ಬಣ್ಣವನ್ನೂ ಬಿಡದೆ, ನಿಧಾನವಾಗಿ ಹೇಳಲು ಶುರು ಮಾಡಿದಳು.